ಅಧಿಕ ಮಾಸದಲ್ಲಿ ನಿಂತ ಜೀಪು

ಕಮಲಾಪುರದಿಂದ ಆ ಜೀಪು ನಮ್ಮ ಮನೆಗೆ ಬಂದದ್ದು ಟ್ರ್ಯಾಕ್ಟರಿನ ಟ್ರಾಲಿ ಏರಿ. ಟೈರುಗಳು ಕೊಳೆತು ಹೋಗಿದ್ದವು, ಮೇಲಿನ ತಾಡಪತ್ರಿ ಚಿಂದಿಯಾಗಿತ್ತು, ಹಿಂದಿನ ಸೀಟಿನಲ್ಲಿ ತೋಟ ಕಾಯುವವರ ಕೋಳಿಗಳು ಸಂಸಾರ ಹೂಡಿ ಹೋಗಿದ್ದವು. ಅಂಗಳದಲ್ಲಿ ಇಳಿಸಿದ ಕೂಡಲೇ ನಮ್ಮತ್ತೆ ಮೂಗಿಗೆ ಸೆರಗು ಹಿಡಿದು ಅದರ ಸುತ್ತ ಗೋಮೂತ್ರ ಚಿಮುಕಿಸಿದರು. ನನ್ನ ಗಂಡ ಮಾತ್ರ ಹೊಸ ಮದುಮಗಳನ್ನು ಮನೆ ತುಂಬಿಸಿಕೊಂಡವರ ಹಾಗೆ ಸುತ್ತಿದ್ದೇ ಸುತ್ತಿದ್ದು. ನಾನು ಈ ಮನೆ ತುಂಬಿದ ದಿನ ಅವರ ಮುಖದಲ್ಲಿ ಅಷ್ಟು ಬೆಳಕಿದ್ದ ನೆನಪು ನನಗಿಲ್ಲ.

ಇದು ಎರಡು ಸಾವಿರದ ಇಸವಿಯ ಆಚೀಚಿನ ಮಾತು. ನಾವು ಬ್ರಹ್ಮಪುರದ ಹಳೆಯ ಮನೆ ಬಿಟ್ಟು ಸೇಡಂ ರಸ್ತೆಯ ಕಡೆ ಅಂಗಳವಿರುವ ಮನೆ ಮಾಡಿದ್ದೆವು. ನನ್ನ ಗಂಡ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಅವರ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಹೋಗುವ ಹಾದಿಯಲ್ಲಿತ್ತು. ಡಾಕ್ಟರು ಸುತ್ತು ಬಳಸಿ ಮಾತಾಡಲಿಲ್ಲ. ಕಿವಿಯ ನರ ಒಣಗುತ್ತಿದೆ, ಉಳಿದದ್ದು ಎಷ್ಟು ದಿನವೋ ಹೇಳಲಾಗದು, ಹೋದ ಮೇಲೆ ಮಷಿನ್ ಹಾಕಿದರೂ ಉಪಯೋಗವಿಲ್ಲ ಎಂದುಬಿಟ್ಟರು. ಅದಾದ ವಾರದಲ್ಲೇ ಇವರು ಕಮಲಾಪುರದ ಬಸ್ ಹತ್ತಿದ್ದು.

ಜೀಪು ಇವರ ಸೋದರಮಾವನದು, ಅಂದರೆ ನಮ್ಮತ್ತೆಯ ತಮ್ಮನದು. ಚಿಕ್ಕಂದಿನಲ್ಲಿ ರಜೆಗೆ ಕಮಲಾಪುರದ ತೋಟಕ್ಕೆ ಹೋದಾಗಲೆಲ್ಲ ಆ ಜೀಪಿನ ಸದ್ದು ಎಲ್ಲರಿಗಿಂತ ಮೊದಲು ಕೇಳುತ್ತಿದ್ದದ್ದು ಇವರಿಗಂತೆ. ಗಾಡಿ ಇನ್ನೂ ರಸ್ತೆಯ ತಿರುವಿನಲ್ಲಿರುವಾಗಲೇ "ಮಾಮಾ ಬಂದ್ರು" ಎಂದು ಕೂಗುತ್ತಿದ್ದರಂತೆ, ಅಜ್ಜಿ ತಾಟು ಹಾಕುತ್ತಿದ್ದರಂತೆ. ಬೇರೆ ಯಾವ ಗಾಡಿಗೂ ಆ ಗುಡುಗು ಇರಲಿಲ್ಲವೆಂದು ನನಗೆ ನೂರು ಸಲ ಹೇಳಿದ್ದರು. ಆ ಸೋದರಮಾವ ತೀರಿಹೋಗಿ ವರ್ಷಗಳಾಗಿದ್ದವು. ಕಿವಿ ಮುಚ್ಚುವುದರೊಳಗೆ ಆ ಸದ್ದು ಒಂದು ಸಲ ಕೇಳಬೇಕು ಎಂಬುದಷ್ಟೇ ಇವರ ಆಸೆ. ಬೇರೆಯವರಾಗಿದ್ದರೆ ಕಾಶಿ ರಾಮೇಶ್ವರ ಅನ್ನುತ್ತಿದ್ದರು.

ಅಂಗಳವೇ ಗ್ಯಾರೇಜಾಯಿತು. ಹಿಟ್ಟು ನಾದುವ ನನ್ನ ದೊಡ್ಡ ಪರಾತದಲ್ಲಿ ಸೀಮೆಎಣ್ಣೆ ಸುರುವಿ ನಟ್ಟು ಬೋಲ್ಟು ನೆನೆಹಾಕಿದರು. ಆ ಪರಾತ ಆಮೇಲೆ ಹಿಟ್ಟಿನ ಮುಖ ನೋಡಲಿಲ್ಲ. ತುಕ್ಕು ಹಿಡಿದು ಬಿಗಿದುಕೊಂಡ ಎಂಜಿನ್ನಿಗೆ ಎಣ್ಣೆ ಕುಡಿಸಿ ದಿನಗಟ್ಟಲೆ ಕಾದರು. ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಸಾಮಾನು ತಂದರು. ಭಾರ ಎತ್ತುವ ಕೆಲಸಕ್ಕೂ ವೆಲ್ಡಿಂಗಿಗೂ ಒಬ್ಬ ಮೇಸ್ತ್ರಿ ರವಿವಾರ ಬರುತ್ತಿದ್ದರು. ಕೈತುಂಬ ಗ್ರೀಸು ಮೆತ್ತಿಕೊಂಡ ಮಗ ಮಡಿಯಲ್ಲಿದ್ದ ತಾಯಿಯ ನೆರಳಿಗೂ ಹೋಗುವಂತಿರಲಿಲ್ಲ. ಹಿತ್ತಲಲ್ಲಿ ಸ್ನಾನ ಮಾಡಿಯೇ ಊಟಕ್ಕೆ ಬರಬೇಕು. ಒಮ್ಮೊಮ್ಮೆ ಕೈಯಿಂದ ಬೋಲ್ಟು ಜಾರಿ ಎಂಜಿನ್ನಿನ ಸಂದಿಗೆ ಬಿದ್ದರೂ ಇವರಿಗೆ ಕೇಳುತ್ತಿರಲಿಲ್ಲ, ನೆಲದ ಮೇಲೆ ತಡಕಾಡುತ್ತಿದ್ದರು. ಆಗ ಸದ್ದು ಕೇಳಿದ ನಾನು ಅಡುಗೆಮನೆಯಿಂದ ಓಡಿಬಂದು ಬಿದ್ದ ಜಾಗ ತೋರಿಸುತ್ತಿದ್ದೆ. ಬೆಳಿಗ್ಗೆ ಎದ್ದೊಡನೆ ಅವರು ಮಾಡುತ್ತಿದ್ದ ಮೊದಲ ಕೆಲಸ ಕೈಗಡಿಯಾರವನ್ನು ಬಲಗಿವಿಗೆ ಹಿಡಿದು ನೋಡುವುದು. ಟಿಕ್ ಟಿಕ್ ಕೇಳಿಸಿದರೆ ಆ ದಿನ ನಮ್ಮ ಮನೆಯಲ್ಲಿ ಹಬ್ಬ.

ಗಣಪತಿ ಹಬ್ಬ ಮುಗಿಯುವ ಹೊತ್ತಿಗೆ ಎಂಜಿನ್ ಸಿದ್ಧವಾಯಿತು. ಆದರೆ ಬ್ಯಾಟರಿ ಬಂದ ದಿನ ಪಿತೃಪಕ್ಷ ಹಿಡಿದಿತ್ತು. ನಮ್ಮತ್ತೆ ಬಾಗಿಲಿಗೆ ಬಂದು ನಿಂತರು.

"ಸತ್ತವನ ಗಾಡಿ ಅದು. ಪಕ್ಷದಾಗ ಅದನ್ನ ಎಬ್ಬಿಸಬ್ಯಾಡಪ್ಪ."

"ಪಕ್ಷ ಮುಗದ ಮ್ಯಾಲರೆ ಚಾಲೂ ಮಾಡಬಹುದಲ್ರಿ?" ಎಂದೆ ನಾನು.

"ಬೆನ್ನಿಗೇ ಅಧಿಕ ಮಾಸ ಬಂದದಲ್ಲ ಈ ವರ್ಷ. ಅಧಿಕದಾಗ ಹೊಸಾದು ಏನೂ ಸುರು ಮಾಡೂದಿಲ್ಲ. ದಸರಾಕ್ಕ ಪೂಜಾ ಮಾಡಿ ಚಾಲೂ ಮಾಡಿದ್ರಾತು."

"ಹೊಸಾದೆಲ್ಲಿ ಅದ ರೀ ಅವ್ವಾ? ನನಗಿಂತ ಹಳೇದದ!" ಎಂದೆ.

ಅತ್ತೆ ನಗಲಿಲ್ಲ. ಬಲಗಿವಿಯ ಹತ್ತಿರ ಹೋಗಿ ಮಗನಿಗೆ ಮತ್ತೊಮ್ಮೆ ಹೇಳಿದರು. ಮಗ ತಲೆಯಾಡಿಸಿದರು. ನನ್ನ ಮೈಯೆಲ್ಲ ಉರಿದುಹೋಯಿತು.

ಅಧಿಕ ಮಾಸವೆಂದರೆ ನಮ್ಮಲ್ಲಿ ಅಳಿಯಂದಿರ ಸುಗ್ಗಿ. ನಮ್ಮತ್ತೆ ತಮ್ಮ ಅಳಿಯನಿಗೆ ದಾನ ಕೊಡಲು ಅನಾರಸೆ ಸಿಹಿ ಕರಿಯಲು ಹಿಟ್ಟು ಕಲಸಿ ಡಬ್ಬಿಗೆ ತುಂಬಿದ್ದರು. ಮಧ್ಯಾಹ್ನವಾದರೆ ಮಠಕ್ಕೆ ಪುರಾಣ ಕೇಳಲು ಹೋಗುತ್ತಿದ್ದರು. ಅಂಥ ಒಂದು ಮಧ್ಯಾಹ್ನ ಮೇಸ್ತ್ರಿ ಬಂದು ಪೆಟ್ರೋಲ್ ಹಾಕಿ, ವೈರು ಜೋಡಿಸಿ, "ಒಂದ್ ಸಾರಿ ಚಾಲೂ ಮಾಡಿ ಬಂದ್ ಮಾಡೂಣ್ರಿ ಸಾಬ್. ಅಮ್ಮಾರಿಗಿ ಯಾಕ ಗೊತ್ತಾಗ್ತದ?" ಎಂದರು. ನಾನೂ ಅದನ್ನೇ ಗಂಡನ ಕಿವಿಗೆ ಕೂಗಿ ಹೇಳಿದೆ. ಇವರು ಜೀಪಿನೊಳಗೆ ಕುಳಿತರು, ಕೀಲಿ ಮುಟ್ಟಿದರು. ಆದರೆ ಕೈ ತೆಗೆದು ಕೆಳಗಿಳಿದುಬಿಟ್ಟರು.

"ಅವ್ವಗ ಗೊತ್ತಾಗೂದಿಲ್ಲ, ನನಗ ಗೊತ್ತಾಗ್ತದಲ್ಲ. ಅಕಿ ತಮ್ಮನ್ನ ಕಳಕೊಂಡಾಳ. ಅಂಜ್ಯಾಳ. ತಡೀ, ದಸರಾ ಏನು ದೂರ ಅದ?"

"ನಿಮ್ಮ ಕಿವಿ ಪಂಚಾಂಗ ನೋಡಿ ಕಾಯ್ತದೇನ್ರಿ?" ಎಂದು ಕಿರುಚಿದೆ. ಪಕ್ಕದ ಮನೆಯವರೂ ಹೊರಬಂದು ನೋಡಿದರು. ಇವರಿಗೆ ಎಷ್ಟು ಕೇಳಿಸಿತೋ, ನಕ್ಕು, ನಟ್ಟು ತಿರುಗಿಸುವ ಪಾನಾ ಒರೆಸುತ್ತ ಕುಳಿತರು. ಆ ನಗು ನೋಡಿ ನನಗೆ ಪರಾತ ಎತ್ತಿ ಒಗೆಯಬೇಕೆನಿಸಿತು. ಒಳ್ಳೆಯವರ ಜೊತೆ ಬಾಳುವೆ ಮಾಡುವುದು ಎಷ್ಟು ಕಷ್ಟವೆಂದು ಯಾರಿಗೆ ಹೇಳುವುದು?

ಕೆಲವು ದಿನಗಳಾದ ಮೇಲೆ, ಒಂದು ಬೆಳಿಗ್ಗೆ, ಇವರು ಕೈಗಡಿಯಾರವನ್ನು ಕಿವಿಗೆ ಹಿಡಿದರು. ತೆಗೆದು ಅಲುಗಾಡಿಸಿದರು. ಕೀಲಿ ಕೊಟ್ಟು ಮತ್ತೆ ಹಿಡಿದರು. ಆಮೇಲೆ ನನ್ನ ಕೈಗೆ ಕೊಟ್ಟು, "ನಿಂತದ ನೋಡು" ಎಂದರು.

ಗಡಿಯಾರ ನಡೆಯುತ್ತಿತ್ತು. ನಾನು ಅದನ್ನು ನನ್ನ ಕಿವಿಗೂ ಹಿಡಿದು ನೋಡಿದೆ. ಬಾಯಿಬಿಟ್ಟು ಹೇಳಿ ಏನು ಪ್ರಯೋಜನ? ನನ್ನ ಮುಖ ನೋಡಿ ಅವರಿಗೇ ತಿಳಿಯಿತು. ಮಂಚದ ಮೇಲೆ ಕುಳಿತು ತಮ್ಮ ಅಂಗೈ ನೋಡಿಕೊಳ್ಳತೊಡಗಿದರು. ಅಂದೇ ಡಾಕ್ಟರ ಹತ್ತಿರ ಓಡಿದೆವು. ಗುಳಿಗೆ, ಇಂಜೆಕ್ಷನ್ ಎಲ್ಲ ಆಯಿತು. ಏನೂ ಮರಳಿ ಬರಲಿಲ್ಲ.

ನಮ್ಮತ್ತೆ ಆ ದಿನ ಪುರಾಣಕ್ಕೆ ಹೋಗಲಿಲ್ಲ, ಮಾರನೆಯ ದಿನವೂ ಹೋಗಲಿಲ್ಲ. ಮೂರನೆಯ ದಿನ ಮಡಿಯಲ್ಲೇ ಅಂಗಳಕ್ಕೆ ಇಳಿದು, ಜೀಪಿಗೆ ಹಸಿರು ಬಣ್ಣ ಹಚ್ಚುತ್ತಿದ್ದ ಮಗನ ತೋಳು ಹಿಡಿದರು. ಮುಟ್ಟಬಾರದೆಂಬುದೂ ಮರೆತಿತ್ತು. "ಈಗ ಚಾಲೂ ಮಾಡಪ್ಪ, ಯಾವ ಮಾಸ ಇದ್ರೇನು" ಎಂದು ಕೀಲಿ ತಿರುಗಿಸುವ ಹಾಗೆ ಕೈ ಮಾಡಿ ತೋರಿಸಿದರು. ಇವರು ತಾಯಿಯ ಕೈಗೆ ಹತ್ತಿದ ಬಣ್ಣವನ್ನು ಅರಿವೆಯಿಂದ ಮೆಲ್ಲಗೆ ಒರೆಸಿದರು.

"ಈಗೇನು ಅವಸರ ಅದ ಅವ್ವಾ? ದಸರಾಕ್ಕೇ ಆಗ್ಲಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾವಿಬ್ಬರೂ ಬದುಕಿಕೊಳ್ಳುತ್ತಿದ್ದೆವು. ನನಗೆ ಅತ್ತೆಯ ಮೇಲೆ ಕೆಂಡದಂಥ ಸಿಟ್ಟಿತ್ತು, ಅಂದು ಅವರ ಮುಖ ನೋಡಿ ಅದನ್ನೂ ನುಂಗಿಕೊಂಡೆ.

ದಸರೆಯ ದಿನ ಜೀಪಿಗೆ ಚೆಂಡುಹೂವಿನ ಮಾಲೆ ಹಾಕಿ, ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟೆವು. ನಮ್ಮತ್ತೆ ಆರತಿ ಬೆಳಗಿದರು. ಇವರು ಒಳಗೆ ಕುಳಿತು ಚಾಲೂ ಮಾಡಿದರು. ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಎಂಜಿನ್ ಹತ್ತಿಕೊಂಡಿತು. ಅಬ್ಬಾ, ಏನು ಸದ್ದು! ಕಿಟಕಿಯ ಗಾಜುಗಳು ನಡುಗಿದವು, ಓಣಿಯ ಜನರೆಲ್ಲ ಗೇಟಿಗೆ ಬಂದರು. ಮೇಸ್ತ್ರಿ ಚಪ್ಪಾಳೆ ಹೊಡೆದರು. ಇವರು ಸ್ಟೀರಿಂಗ್ ಚಕ್ರ ಹಿಡಿದು ಕುಳಿತು ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದರು. ನಮ್ಮತ್ತೆ ಕಣ್ಣು ಮುಚ್ಚಿ ನಿಂತಿದ್ದರು. ತಮ್ಮನ ಗಾಡಿಯ ಸದ್ದು ಅವರ ಕಿವಿಗೆ ಬೀಳುತ್ತಿತ್ತು.

ಎಂಜಿನ್ನನ್ನು ಹಾಗೇ ಓಡಲು ಬಿಟ್ಟು ಇವರು ಕೆಳಗಿಳಿದರು. ಹಬ್ಬದ ಪದ್ಧತಿಯಂತೆ ತಾಯಿಯ ಕೈಗೆ ಬನ್ನಿ ಕೊಟ್ಟು, ಕಾಲಿಗೆರಗಿದರು. ಅಷ್ಟರಲ್ಲಿ ಬೆನ್ನ ಹಿಂದೆ ಜೀಪು ಒಮ್ಮೆ ಮುಗ್ಗರಿಸಿದಂತಾಗಿ ಬಂದ್ ಆಯಿತು. ಅಂಗಳ ಗಪ್ಪಾಯಿತು. ಇವರು ಎದ್ದು ನಿಂತು, ನೀರಾಡುತ್ತಿದ್ದ ತಾಯಿಯ ಕಣ್ಣುಗಳನ್ನು ನೋಡಿದರು, ಅವರ ಎರಡೂ ಕೈ ಹಿಡಿದುಕೊಂಡರು.

"ಅಳಬ್ಯಾಡ ಅವ್ವಾ. ಕೇಳಸ್ಲಿಕ್ಕತ್ತದ, ನೋಡು. ಮಾಮಾಂದು ಅದೇ ಆವಾಜ್ ಅದ."

ನಮ್ಮತ್ತೆ ನಿಂತುಹೋದ ಜೀಪಿನ ಕಡೆ ನೋಡಿದರು, ಮಗನ ಕಡೆ ನೋಡಿದರು. ಆಮೇಲೆ ಹೌದೆಂದು ತಲೆಯಾಡಿಸಿದರು.