ಕಲಾಯಿ ಹಾಕದ ಪೈಪು

ನೀರಮಾನ್ವಿಯ ಹಂಪಯ್ಯ ರಾಯಚೂರಿಗೆ ಬಂದದ್ದು ಲಾರಿ ತೊಳೆಯುವ ಕೆಲಸಕ್ಕೆ. ಅವನ ಮನೆತನದವರು ಬಾವಿಯಿಂದ ನೀರೆತ್ತುವ ಚರ್ಮದ ಚೀಲ ಹೊಲಿಯುತ್ತಿದ್ದರು. ಚರ್ಮ ಕತ್ತರಿಸುವ ಕೈ ಅವನಿಗೂ ಬಂದಿತ್ತು. ಶರಣಯ್ಯನ ಲಾರಿ ಷೆಡ್ಡಿನಲ್ಲಿ ಗಾಳಿ ಹಾಕುವ ಪಂಪಿನ ವಾಷರು ಹರಿದಾಗ ಒಂದು ತುಂಡು ಚರ್ಮ ಕೊರೆದು ಅಳತೆ ತಪ್ಪದೆ ಕೂರಿಸಿಕೊಟ್ಟನಂತೆ. ಅಂದಿನಿಂದ ಅಲ್ಲಿದ್ದ ಹಳೆಯ ಮಿಸ್ತ್ರಿ ಆಗಾಗ ಅವನ ಕೈಗೆ ಪಾನಾ ಕೊಟ್ಟು ನಟ್ಟು ಬಿಚ್ಚಿಸುತ್ತಿದ್ದ. ಸಾವಿರದ ಒಂಬೈನೂರ ನಲವತ್ತಮೂರರಲ್ಲಿ ಆ ಮಿಸ್ತ್ರಿ ಫೌಜಿನ ಕಾರ್ಖಾನೆಗೆ ಸೇರಿ ಪುಣೆಯ ಕಡೆ ಹೊರಟುಹೋದ. ಬೇರೆ ಮಿಸ್ತ್ರಿ ಸಿಗಲಿಲ್ಲ. ಬೆಳಗ್ಗೆ ಲಾರಿ ತೊಳೆಯುವುದು, ಆಮೇಲೆ ಅದನ್ನೇ ರಿಪೇರಿ ಮಾಡುವುದು, ಹೀಗೆ ಹಂಪಯ್ಯನ ದಿನಗಳು ಎರಡು ಭಾಗವಾದವು.

ಶರಣಯ್ಯ ಮಾನ್ವಿಯ ಉಪ್ಪಿನ ವ್ಯಾಪಾರಿ. ರಾಯಚೂರು ಸ್ಟೇಷನ್ನಿನಲ್ಲಿ ಇಳಿಯುವ ಉಪ್ಪಿನ ಚೀಲಗಳನ್ನು ಅವನ ದೊಡ್ಡ ಲಾರಿ ಮಾನ್ವಿಗೂ ದೇವದುರ್ಗಕ್ಕೂ ಒಯ್ಯುತ್ತಿತ್ತು. ಲಾರಿ ನಡೆಸುವವನು ಜಹೀರುದ್ದೀನ್. ಐವತ್ತರ ಹತ್ತಿರದ, ಮಾತು ಜಾಸ್ತಿಯ ಮನುಷ್ಯ. ಮಳೆಗಾಲದಲ್ಲಿ ಚೀಲಗಳಿಂದ ಸೋರಿದ ಉಪ್ಪುನೀರು ಹಲಗೆಗಳ ಸಂದಿಯಿಂದ ಕೆಳಗಿಳಿದು ಲಾರಿಯ ಹೊಟ್ಟೆಯ ಕಬ್ಬಿಣವನ್ನೆಲ್ಲ ತಿಂದಿತ್ತು. ಇದನ್ನು ಯಾರೂ ಬಗ್ಗಿ ನೋಡಿರಲಿಲ್ಲ. ಒಂದು ದಿನ ದೇವದುರ್ಗದ ಈಚೆಯ ಇಳಿಜಾರಿನಲ್ಲಿ ಬ್ರೇಕಿನ ಎಣ್ಣೆ ಹರಿಯುವ ಪೈಪು ತುಕ್ಕಿನಿಂದ ಒಡೆಯಿತು. ಜಹೀರುದ್ದೀನ್ ಎಷ್ಟು ಒತ್ತಿದರೂ ಪೆಡಲು ನೆಲಕ್ಕೇ ಹೋಯಿತು. ರಸ್ತೆ ಬದಿಯ ಹೊಲದ ಬದುವಿಗೆ ಲಾರಿ ಹತ್ತಿಸಿ ಹೇಗೋ ನಿಲ್ಲಿಸಿದ. ಅವನ ಬಲ ಹುಬ್ಬು ಸೀಳಿತು, ಮತ್ತೇನೂ ಆಗಲಿಲ್ಲ.

ಯುದ್ಧದ ಕಾಲ. ಹೈದರಾಬಾದಿಗೆ ಬರೆದು ಕೇಳಿದರೂ ಹೊಸ ಪೈಪು ಸಿಗಲಿಲ್ಲ. ಆಗ ಹಂಪಯ್ಯ ಷೆಡ್ಡಿನ ಹಿಂದೆ ಬಿದ್ದಿದ್ದ ಹತ್ತಿ ಜಿನ್ನಿನ ಹಳೆಯ ಎಂಜಿನ್ನಿನಿಂದ ತಾಮ್ರದ ಪೈಪು ಬಿಚ್ಚಿ ತಂದು ಶರಣಯ್ಯನ ಮುಂದೆ ಇಟ್ಟ.

"ಇದಕ್ಕ ತುಕ್ಕು ಹಿಡ್ಯಾಂಗಿಲ್ಲ ಧಣಿ. ಕಬ್ಬಿಣದ್ದು ತಂದ್ರೂ ನಮ್ಮ ಉಪ್ಪಿಗೆ ಎರಡು ವರ್ಷಕ್ಕ ಮತ್ತ ತೂತು ಬೀಳತದ."

ಶರಣಯ್ಯ ಪೈಪನ್ನು ಕೈಗೆ ತಗೊಳ್ಳದೆ ದೂರದಿಂದಲೇ ನೋಡಿದ. "ಇದು ನಿನಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ಎಂಜಿನ್ನು ಎಂಟು ವರ್ಷ ಮಳ್ಯಾಗ ಬಿದ್ದದ. ಕಬ್ಬಿಣ ಉದುರಿ ಹೋಗ್ಯದ, ಇದು ಹಂಗ ಅದ."

"ಹಾಕು. ಆದ್ರ ಒಂದು ಮಾತು ಕೇಳು. ಇದು ಕೆಟ್ಟರ ನೀ ಪಾನಾ ಮುಟ್ಟಬ್ಯಾಡ. ಲಾರಿ ತೊಳಕೊಂಡು ಇರು, ಅಷ್ಟ."

ಹಂಪಯ್ಯನಿಗೆ ಆ ಮಾತು ಎದೆಯಲ್ಲಿ ಕೂತಿತು. ಪಾನಾ ಹಿಡಿದ ಮೇಲೆ ಸ್ಟೇಷನ್ನಿನ ಹಮಾಲರು ಅವನನ್ನು ಹೆಸರು ಹಿಡಿದು ಕರೆಯಲು ಶುರುಮಾಡಿದ್ದರು. ಅದಕ್ಕೆ ಮೊದಲು ಅವನು ಬರೀ "ಏ ಬಕೀಟು" ಆಗಿದ್ದ.

ತಾಮ್ರದ ಪೈಪನ್ನು ಅವನು ಬೆಂಕಿಯಲ್ಲಿ ಕಾಯಿಸಿ ಮೆತ್ತಗೆ ಮಾಡಿದ. ನಾಲ್ಕು ಗಾಲಿಗೆ ನಾಲ್ಕು ಪೈಪು ಕತ್ತರಿಸಿ, ಹಳೆಯ ಪೈಪಿನ ಬಾಗುಗಳನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡು, ಆ ಗೆರೆಯ ಮೇಲೆಯೇ ಇಟ್ಟು ಬಗ್ಗಿಸಿದ. ತುದಿಗಳನ್ನು ಹೂವಿನ ಬಾಯಿಯಂತೆ ಅರಳಿಸಿ ಹಳೆಯ ಹಿತ್ತಾಳೆ ನಟ್ಟುಗಳನ್ನೇ ಕೂರಿಸಿದ. ಜೋಡಿಸುವ ಮುಂಚೆ ಅವನಿಗೆ ಒಂದು ಯೋಚನೆ ಬಂತು.

ಚಿಕ್ಕವನಿದ್ದಾಗ ನೀರಮಾನ್ವಿಯ ಒಂದು ಊಟದಲ್ಲಿ ಕಲಾಯಿ ಹೋದ ತಾಮ್ರದ ಹಂಡೆಯಲ್ಲಿ ಹುಳಿಸಾರು ಮಾಡಿ, ತಿಂದವರೆಲ್ಲ ವಾಂತಿ ಮಾಡಿಕೊಂಡಿದ್ದರು. ಅವನ ಅವ್ವ ಎರಡು ದಿನ ಏಳಲಿಲ್ಲ. ಕಬ್ಬಿಣಕ್ಕೆ ತುಕ್ಕು ಹೇಗೋ ತಾಮ್ರಕ್ಕೆ ಹಸಿರು ಕಿಲುಬು ಹಾಗೆ. ಬ್ರೇಕಿಗೆ ಹಾಕುತ್ತಿದ್ದದ್ದು ಸ್ಪಿರಿಟ್ಟು ಬೆರೆಸಿದ ಔಡಲೆಣ್ಣೆ, ಅಂದರೆ ಹರಳೆಣ್ಣೆ. ಹೊರಗಿನ ಉಪ್ಪಿಗೆ ತಾಮ್ರ ಹೆದರದಿರಬಹುದು, ಆದರೆ ಒಳಗೆ ಎಣ್ಣೆ ನಿಂತು ಕಿಲುಬು ಕಟ್ಟಿದರೆ? ತಾಮ್ರದ ಪಾತ್ರೆಗೆ ಒಳಗೆ ತವರ ಲೇಪಿಸಿ ಕಲಾಯಿ ಹಾಕದೆ ಯಾರೂ ಒಲೆಗೆ ಇಡುವುದಿಲ್ಲ. ಪೈಪಿಗೇಕೆ ಬಿಡಬೇಕು?

ಊರಿನ ತೀನ್ ಕಂದೀಲು ಚೌಕದ ಹಿಂದಿನ ಗಲ್ಲಿಯಲ್ಲಿ ಮಹಬೂಬೀ ಕಲಾಯಿ ಹಾಕುತ್ತಿದ್ದಳು. ಗಂಡ ಸತ್ತ ಮೇಲೆ ತಿದಿ ಒತ್ತುವುದು, ತವರ ಬಳಿಯುವುದು ಎರಡನ್ನೂ ಒಬ್ಬಳೇ ಮಾಡುವ ಗಟ್ಟಿ ಹೆಂಗಸು. ಅವಳು ಪೈಪುಗಳನ್ನು ನೋಡಿ ನಕ್ಕಳು.

"ಇದ್ರಾಗ ಏನು ಅಡಗಿ ಮಾಡ್ತೀಯೋ?"

"ಎಣ್ಣಿ ನಿಂದ್ರತದ ಯವ್ವಾ. ಕಿಲುಬು ಬರಬಾರದು."

"ಹಂಡಿ ಬರ್ತನಾದ್ರ ನವಸಾಗರದ ಪುಡಿ ಹಾಕಿ ಹತ್ತಿ ಅರಳಿಯಿಂದ ಒರಸ್ತೀನಿ. ಇದ್ರಾಗ ನನ್ನ ಬೆರಳು ಹೋಗತದೇನು?"

"ತವರ ಕರಗಿಸಿ ಸುರುವಿ, ಆಚಿ ತುದಿಯಿಂದ ಕೆಡವಿ ಬಿಡು."

ಅವಳು ಹಾಗೆಯೇ ಮಾಡಿದಳು. ಮೂರು ಪೈಪಿಗೆ ಆಗುವಷ್ಟರಲ್ಲಿ ತವರ ತೀರಿತು. ಯುದ್ಧದ ಕಾಲಕ್ಕೆ ತವರವೂ ಸುಲಭವಾಗಿ ಸಿಗುತ್ತಿರಲಿಲ್ಲ. ನಾಲ್ಕನೆಯದು ಬರೀ ತಾಮ್ರವಾಗಿಯೇ ಉಳಿಯಿತು. ಹಂಪಯ್ಯ ಅದನ್ನು ಮುಂದಿನ ಬಲಗಾಲಿಗೆ ಹಾಕಿದ, ಯಾರಿಗೂ ಹೇಳಲಿಲ್ಲ. ತವರ ಬಂದ ದಿನ ಬಿಚ್ಚಿ ಕಲಾಯಿ ಹಾಕಿಸಿದರಾಯಿತು ಎಂದುಕೊಂಡ.

ಮೊದಲ ದಿನ ಲಾರಿ ಮಾನ್ವಿಗೆ ಹೋಗಿ ಬಂತು. ಜಹೀರುದ್ದೀನ್ ಇಳಿದವನೇ ಗಾಲಿಯನ್ನು ಒದ್ದ.

"ಲೇ ಹಂಪಯ್ಯ, ನೀ ಏನು ಮಾಡೀಯೋ? ಬ್ರೇಕು ಹಿಡೀತದ, ಬಿಡಾಂಗಿಲ್ಲ! ಕಾಲು ತಗದಮ್ಯಾಲೂ ಗಾಡಿ ಎತ್ತು ಮಲಗಿದಂಗ ನಿಂದ್ರತದ. ಕಲ್ಲೂರತ್ರ ಗಾಲಿಯಿಂದ ಹೊಗಿ ಬಂತು. ಮಂದಿ ಗಾಡಿಗೆ ಲೋಬಾನ ಹಾಕ್ಯಾರೇನು ಅಂತ ಕೇಳಿದ್ರು."

ಹಂಪಯ್ಯ ಗಾಲಿಗಳನ್ನು ಮುಟ್ಟಿ ನೋಡಿದ. ಮೂರು ಸುಡುತ್ತಿದ್ದವು. ಮುಂದಿನ ಬಲಗಾಲಿ ಮಾತ್ರ ಬೆಚ್ಚಗಿತ್ತು. ಅವನಿಗೆ ಒಳಗೇ ಅಳುಕಾಯಿತು. ಕಲಾಯಿ ಇಲ್ಲದ ಗಾಲಿ ಅದು. ಹಿಡಿಯುತ್ತಿಲ್ಲ, ಅದಕ್ಕೇ ಬಿಸಿಯಾಗಿಲ್ಲ, ಆ ಭಾರವೆಲ್ಲ ಉಳಿದ ಮೂರರ ಮೇಲೆ ಬಿದ್ದು ಅವು ಸುಡುತ್ತಿವೆ ಎಂದು ತಿಳಿದ. ಆ ಗಾಲಿಯ ಬ್ರೇಕನ್ನೇ ಬಿಗಿ ಮಾಡಿದ. ಮರುದಿನ ಲಾರಿ ಬ್ರೇಕು ಒತ್ತಿದಾಗಲೆಲ್ಲ ಬಲಕ್ಕೆ ಎಳೆಯಿತು, ಉಳಿದ ಮೂರು ಮೊದಲಿನಂತೆಯೇ ಕಾದವು. ಮತ್ತೆ ಸಡಿಲ ಮಾಡಿದ. ಎಣ್ಣೆ ಬದಲಿಸಿದ. ಪೈಪು ಬಿಚ್ಚಿ ಬಾಯಿಟ್ಟು ಊದಿದ, ಗಾಳಿ ಆಚೆ ಹೋಗುತ್ತಿತ್ತು. ಒಂದೊಂದು ಬೆಳಗ್ಗೆ ಎಲ್ಲವೂ ಸರಿಯಿರುವಂತೆ ಕಾಣುತ್ತಿತ್ತು, ಹತ್ತು ಮೈಲು ಹೋಗುವಷ್ಟರಲ್ಲಿ ಮತ್ತೆ ಹೊಗೆ. ಎಲ್ಲಿಂದ ಹಿಡಿದು ಯೋಚಿಸಬೇಕು ಎನ್ನುವುದೇ ಅವನಿಗೆ ತಿಳಿಯದಾಯಿತು. ಲಾರಿಯ ಕೆಳಗೆ ಮಲಗಿ ಯಾವ ನಟ್ಟು ಬಿಚ್ಚಲು ಬಂದೆ ಎಂಬುದನ್ನೇ ಮರೆಯುತ್ತಿದ್ದ.

ಸಲಹೆ ಕೊಡುವವರು ಕಡಿಮೆ ಇರಲಿಲ್ಲ. ತಾಮ್ರ ಬೇಗ ಕಾಯುತ್ತದೆ, ಆ ಕಾವೇ ಗಾಲಿಗೆ ಹೋಗುತ್ತದೆ ಎಂದು ಜಹೀರುದ್ದೀನ್ ಹೇಳಿದ. ತಾಮ್ರ ದೇವರ ಪೂಜೆಗೆ ಇರುವಂಥದ್ದು, ಲಾರಿಯ ಕೆಸರಿಗಲ್ಲ ಎಂದ ಶರಣಯ್ಯ. "ಶನಿವಾರ ದೇವದುರ್ಗದ ಸಂತಿಗೆ ಉಪ್ಪು ಹೋಗಬೇಕು. ಶುಕ್ರವಾರ ತನಕ ನೋಡ್ತೀನಿ. ಆಮ್ಯಾಲ ಕಬ್ಬಿಣದ ಹಳೇ ಪೈಪನ್ನ ಬೆಸುಗಿ ಹಾಕಿಸಿ ಕೂಡಿಸ್ತೀನಿ. ನೀ ಬಕೀಟು ಹಿಡಿ."

ಗುರುವಾರ ಮಹಬೂಬೀಗೆ ಹಳೆಯ ತಟ್ಟೆಗಳಿಂದ ಒಂದಿಷ್ಟು ತವರ ಸಿಕ್ಕಿದೆಯೆಂದು ತಿಳಿಯಿತು. ಹಂಪಯ್ಯ ಮುಂದಿನ ಬಲಗಾಲಿಯ ಪೈಪು ಬಿಚ್ಚಿಕೊಂಡು ಓಡಿದ. ಅವನ ಓಟ ನೋಡಿ ಅನುಮಾನ ಬಂದು ಜಹೀರುದ್ದೀನ್ ಹಿಂದೆಯೇ ಬಂದ.

"ಅದನ್ನ ಎಲ್ಲಿಗಿ ಒಯ್ಯಾಕತ್ತೀಯೋ?"

ಇನ್ನು ಮುಚ್ಚಿಡಲು ಆಗಲಿಲ್ಲ. "ತಪ್ಪಾಗ್ಯದ ಉಸ್ತಾದ್. ಮೂರಕ್ಕ ಕಲಾಯಿ ಹಾಕಿಸೀನಿ. ಇದೊಂದಕ್ಕ ಹಾಕಿಸಿಲ್ಲ. ಇದರಿಂದಲೇ ಎಲ್ಲಾ ಕೆಟ್ಟದ."

"ಇದು ಯಾವ ಗಾಲಿದು?"

"ಮುಂದಿನ ಬಲಗಡಿದು. ಹಿಡ್ಯಾಂಗಿಲ್ಲ ಅದು. ಅದಕ್ಕ ತಣ್ಣಗಿರತದ."

ಜಹೀರುದ್ದೀನ್ ಹುಬ್ಬಿನ ಗಾಯ ಕೆರೆದುಕೊಂಡ. "ಹಿಡ್ಯಾಂಗಿಲ್ಲ ಅಂತ ನಿನಗ ಯಾರು ಹೇಳಿದ್ರು? ಅದು ಹಿಡೀದಿದ್ರ ಒತ್ತಿದ ಕೂಡ್ಲೇ ಗಾಡಿ ಎಡಕ್ಕ ಓಡತಿತ್ತು. ಸೀದಾ ನಿಂದ್ರತದಪಾ. ನಾಲ್ಕೂ ಹಿಡೀತಾವ. ಮೂರು ಬಿಡಾಂಗಿಲ್ಲ, ಅದೊಂದೇ ಬಿಡತದ."

ಹಂಪಯ್ಯ ಕೈಯಲ್ಲಿದ್ದ ಪೈಪನ್ನು ನೋಡಿದ. ಆ ಮಾತು ಅವನ ತಲೆಯೊಳಗೆ ಇಳಿಯಲಿಲ್ಲ. ಕಲಾಯಿ ಹಾಕಿದ್ದು ಕೆಟ್ಟು, ಹಾಕದ್ದು ಸರಿಯಾಗಿರುವುದು ಹೇಗೆ? ಹುಟ್ಟಿದಾಗಿನಿಂದ ಕಂಡದ್ದಕ್ಕೆ ಅದು ಉಲ್ಟಾ ಆಗಿತ್ತು.

ಮಹಬೂಬೀ ತಿದಿಯ ಮೇಲಿನ ಕೈ ತೆಗೆದಳು. "ನಾ ಅವತ್ತೇ ಹೇಳಿದ್ನಿಲ್ಲೋ? ಒರಸಾಕ ಬೆರಳು ಹೋಗಲ್ಲ ಅಂತ. ಒರಸದಿದ್ರ ತವರ ಗಂಟುಗಂಟು ನಿಂದ್ರತದ. ಹಂಡ್ಯಾದ್ರ ಕಣ್ಣಿಗಿ ಕಾಣತದ."

ಮೂವರೂ ಷೆಡ್ಡಿಗೆ ಬಂದು ಹಿಂದಿನ ಗಾಲಿಯ ಪೈಪು ಬಿಚ್ಚಿದರು. ಹಂಪಯ್ಯ ಅದರ ಬಾಗಿನ ಹತ್ತಿರ ಗರಗಸವಿಟ್ಟು ಕೊಯ್ದ. ಒಳಗೆ ಜೋಳದ ಕಾಳಿನಷ್ಟು ತವರದ ಮುದ್ದೆ ಗೋಡೆಗೆ ಅಂಟಿತ್ತು. ಅದರ ಪಕ್ಕ ಸೂಜಿ ತೂರುವಷ್ಟೇ ದಾರಿ. ಊದಿದರೆ ಗಾಳಿ ನುಸುಳುತ್ತಿತ್ತು. ಕಾಲಿನ ಬಲದಿಂದ ಒತ್ತಿದಾಗ ಎಣ್ಣೆಯೂ ನುಗ್ಗಿ ಹೋಗುತ್ತಿತ್ತು. ಕಾಲು ತೆಗೆದಾಗ ಮಾತ್ರ, ತಳ್ಳುವವರಿಲ್ಲದೆ, ಆ ದಪ್ಪ ಔಡಲೆಣ್ಣೆ ಗಾಲಿಯ ಕಡೆಯೇ ಉಳಿದು ಬ್ರೇಕನ್ನು ಹಿಡಿದುಕೊಂಡಿರುತ್ತಿತ್ತು.

ಹಂಪಯ್ಯ ಅಲ್ಲೇ ಕುಕ್ಕರುಗಾಲಲ್ಲಿ ಕೂತ. ತಾಮ್ರದ್ದೇನೂ ತಪ್ಪಿರಲಿಲ್ಲ. ಚೊಲೋ ಆಗಲಿ ಎಂದು ಅವನು ಮಾಡಿದ್ದೇ ಕೆಡಿಸಿತ್ತು.

ಜಹೀರುದ್ದೀನ್ ದನಿ ತಗ್ಗಿಸಿದ. "ಧಣಿ ಮುಂದ ಇದನ್ನೆಲ್ಲ ಬಿಚ್ಚಬ್ಯಾಡ. ತಾಮ್ರನೇ ಕೆಟ್ಟದ್ದು ಅನ್ನು. ಅವಂಗೂ ಅದೇ ಬೇಕಾಗ್ಯದ. ತಪ್ಪು ತಾಮ್ರದ್ದು, ಕೈಕೆಲಸದ್ದಲ್ಲ ಅಂತ ನಿನ್ನ ಹೆಸರು ಉಳೀತದ, ಪಾನಾನೂ ಉಳಿದ್ರೂ ಉಳೀತದ."

"ಹಂಗಂದ್ರ ಕಬ್ಬಿಣದ ಹಳೇ ಪೈಪೇ ಹಾಕಸ್ತಾರ ಉಸ್ತಾದ್. ಗಾಡಿ ಯಾರು ಹೊಡೀಬೇಕು?"

"ನಾನೇ ಹೊಡೀಬೇಕು, ಮತ್ಯಾರು?" ಎಂದ ಜಹೀರುದ್ದೀನ್. ಎಂದವನ ಕೈ ಹುಬ್ಬಿನ ಗಾಯಕ್ಕೆ ಹೋಯಿತು.

ಮಧ್ಯಾಹ್ನ ಹಂಪಯ್ಯ ಕೊಯ್ದ ತುಂಡನ್ನು ಒಯ್ದು ಶರಣಯ್ಯನ ಮುಂದೆ ನೆಲದ ಮೇಲೆ ಇಟ್ಟ. ಕಲಾಯಿ ಹಾಕಿಸಿದ್ದು ತಾನು, ಒಂದಕ್ಕೆ ಹಾಕಿಸದೆ ಸುಮ್ಮನಿದ್ದದ್ದೂ ತಾನು ಎಂದು ಹೇಳಿದ. ಶರಣಯ್ಯನಿಗೆ ಅರ್ಥವಾಗಲಿಲ್ಲ.

"ತಾಮ್ರಕ್ಕ ಕಲಾಯಿ ಹಾಕೋದು ತಪ್ಪೇನಲೇ? ನಮ್ಮ ಮನ್ಯಾಗ ಎಲ್ಲಾದಕ್ಕೂ ಹಾಕಸ್ತೀವಿ."

"ಬರ್ತನಕ್ಕ ತಪ್ಪಲ್ರಿ. ಇದಕ್ಕ ತಪ್ಪು."

"ಕಿಲುಬು ಬಂದ್ರ?"

"ಅದು ನನಗೂ ಗೊತ್ತಿಲ್ರಿ ಧಣಿ. ಆದ್ರ ಆ ಎಂಜಿನ್ನಿನ ಪೈಪಿನ್ಯಾಗ ಎಂಟು ವರ್ಷ ಎಣ್ಣಿ ನಿಂತಿತ್ತು. ಕೊಯ್ದಾಗ ಒಳಗ ಹಸರು ಇರಲಿಲ್ಲ. ಅವತ್ತೇ ನೋಡೀನಿ, ಅವತ್ತೇ ತಿಳೀಬೇಕಿತ್ತು."

ಶರಣಯ್ಯ ಬಗ್ಗಿ ಆ ತುಂಡಿನ ಬಾಯನ್ನು ನೋಡಿದ. "ಶನಿವಾರ ನಾನೇ ಲಾರ್ಯಾಗ ಬರ್ತೀನಿ" ಎಂದ.

ಶುಕ್ರವಾರ ಮಹಬೂಬೀ ಉಳಿದ ಎರಡು ಪೈಪುಗಳನ್ನು ಕೆಂಪಗೆ ಕಾಯಿಸಿ ತಿದಿಯ ಬಾಯಿಗೆ ಹಚ್ಚಿದಳು. ಕರಗಿದ ತವರ ಆಚೆ ತುದಿಯಿಂದ ಸಿಡಿದು ಬೂದಿಯಲ್ಲಿ ಬಿತ್ತು. ಹಂಪಯ್ಯ ಸಣ್ಣ ತಂತಿಗೆ ಅರಿವೆ ಸುತ್ತಿ ಒಳಗೆ ಎಳೆದಾಡಿದ. ಕೊಯ್ದದ್ದರ ಬದಲು ಹೊಸದೊಂದನ್ನು ಬಗ್ಗಿಸಿದ. ಈ ಸಲ ಬಾಯಲ್ಲಿ ಊದಲಿಲ್ಲ. ನಾಲ್ಕನ್ನೂ ಗೋಡೆಗೆ ನೇತುಹಾಕಿ, ಪ್ರತಿಯೊಂದಕ್ಕೂ ಒಂದೇ ಅಳತೆಯ ಔಡಲೆಣ್ಣೆ ಹೊಯ್ದು, ನಾಲ್ಕರಿಂದಲೂ ಅದು ಒಂದೇ ಸಮನೆ ಇಳಿಯುವವರೆಗೆ ನೋಡುತ್ತ ನಿಂತ.

ಶನಿವಾರ ಲಾರಿ ದೇವದುರ್ಗದ ಕಡೆ ಹೊರಟಾಗ ಒಂದು ತೊಡಕಾಯಿತು. ಜಹೀರುದ್ದೀನ್ ಹಂಪಯ್ಯನನ್ನು ಮುಂದೆ ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಪೆಡಲು ಹೇಗೆ ಮೇಲೆ ಬರುತ್ತದೆ ಎಂದು ಹಂಪಯ್ಯ ನೋಡಬೇಕಿತ್ತು. ಲಾರಿ ನಡೆಸುವವನ ಪಕ್ಕ ಅಲ್ಲಿ ಒಬ್ಬರಿಗಷ್ಟೇ ಜಾಗವಿತ್ತು. ಶರಣಯ್ಯ ಬಾಗಿಲ ಹತ್ತಿರ ಬಂದ. ಹಂಪಯ್ಯ ಇಳಿಯಲು ಹೋದರೆ ಜಹೀರುದ್ದೀನ್ ಅವನ ಅಂಗಿ ಹಿಡಿದೆಳೆದು, "ಇವ ಇಳದ್ರ ಗಾಡಿ ನಡ್ಯಾಂಗಿಲ್ರಿ" ಎಂದ. ಶರಣಯ್ಯ ಒಮ್ಮೆ ಆ ಸೀಟು ನೋಡಿದ, ಒಮ್ಮೆ ಹಂಪಯ್ಯನನ್ನು ನೋಡಿದ. ಹಿಂದೆ ಹೋಗಿ ಉಪ್ಪಿನ ಚೀಲಗಳ ಮೇಲೆ ಹತ್ತಿ ಕೂತ.

ಇಳಿಜಾರಿನಲ್ಲಿ ಜಹೀರುದ್ದೀನ್ ಮೂರು ಸಲ ಲಾರಿ ನಿಲ್ಲಿಸಿದ. ಪ್ರತಿ ಸಲ ಹಂಪಯ್ಯ ಇಳಿದು ನಾಲ್ಕೂ ಗಾಲಿಗಳನ್ನು ಮುಟ್ಟಿ ಬಂದ.

"ಯಾಕ ನಿಂತಿರಲೇ?" ಎಂದು ಮೇಲಿನಿಂದ ಶರಣಯ್ಯ ಕೂಗಿದ.

"ನಿಂತಿವಲ್ರೀ ಧಣಿ, ಅದನ್ನ ನೋಡಾಕೇ ಅಲ್ಲೇನು ಬಂದದ್ದು?" ಎಂದ ಜಹೀರುದ್ದೀನ್.

ಮೂರನೆಯ ಸಲ ಶರಣಯ್ಯ ತಾನೇ ಇಳಿದು ಬಂದು ಒಂದೊಂದೇ ಗಾಲಿಯ ಮೇಲೆ ಅಂಗೈ ಇಟ್ಟ. "ಎಲ್ಲಾ ಒಂದಿಷ್ಟು ಬೆಚ್ಚಗಾವ. ಇದು ಚೊಲೋನೋ ಕೆಟ್ಟದ್ದೋ?"

"ನಾಲ್ಕೂ ಒಂದೇ ಥರ ಇದ್ರ ಚೊಲೋ ಧಣಿ."

ಶರಣಯ್ಯ ಧೋತರಕ್ಕೆ ಕೈ ಒರೆಸಿಕೊಂಡ. "ಮಾನ್ವ್ಯಾಗಿನ ಸಣ್ಣ ಲಾರಿ ಪೈಪೂ ತುಕ್ಕು ತಿಂದದ. ಸೋಮವಾರ ಬಂದು ಬಿಚ್ಚು."

ಹಂಪಯ್ಯನಿಗೆ ಥಟ್ಟನೆ ತಿಳಿಯಲಿಲ್ಲ. "ಸೋಮವಾರ ಲಾರಿ ತೊಳೀಬೇಕಲ್ರಿ?"

"ತೊಳಿಯಾಕ ಬ್ಯಾರೆಯವ್ರನ್ನ ಕರಸ್ತೀನಿ."

ಅದು ಬಯ್ಗುಳವೋ ಒಪ್ಪಿಗೆಯೋ ಎಂದು ಹಂಪಯ್ಯ ರಸ್ತೆಯ ಮೇಲೆಯೇ ನಿಂತಿದ್ದ. ಜಹೀರುದ್ದೀನ್ ಹಾರ್ನ್ ಹೊಡೆದು, "ಹತ್ತೋ, ಸಂತಿ ಮುಗೀತದ" ಎಂದ. ಅವನು ಹತ್ತಿದ. ಶರಣಯ್ಯ ಹಿಂದೆ ಹೋಗಿ ಮತ್ತೆ ಚೀಲಗಳ ಮೇಲೇರಿದ.