ಹಲ್ಲಿನಲ್ಲಿ ಹಿಡಿಯುವ ಬ್ಯಾಟ್ರಿ

ಶಹಾಬಾದಿನ ಸೂರ್ಯಕಾಂತನ ಬಗ್ಗೆ ಬರೆಯುವ ಮೊದಲು ನನ್ನ ಬಗ್ಗೆ ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ನನಗೆ ಯಾವುದೂ ಒಂದೇ ಸಲಕ್ಕೆ ಒಪ್ಪಿಗೆಯಾಗುವುದಿಲ್ಲ. ಸೇಡಂನ ಒಂದು ಕಾಲೇಜಿನ ವಿಜ್ಞಾನದ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಸಹಾಯಕನಾಗಿದ್ದೆ. ಗಾಜಿನ ಲೋಟದ ತಳದಲ್ಲಿ ಸಣ್ಣ ಕಲೆ ಉಳಿದರೂ ಮತ್ತೆ ತೊಳೆಸುತ್ತಿದ್ದೆ. ಸಾರಿಗೆ ಉಪ್ಪು ಸರಿಯಿದ್ದರೂ ಎರಡು ಸಲ ರುಚಿ ನೋಡುತ್ತೇನೆಂದು ನನ್ನ ಹೆಂಡತಿ ಭಾಮಾ ಬಂದವರೆದುರು ಆಡಿಕೊಳ್ಳುತ್ತಾಳೆ. ಈ ಹಾಳು ಗುಣದಿಂದ ನನಗೇನೂ ನಷ್ಟವಾಗಲಿಲ್ಲ. ನಷ್ಟವಾದದ್ದು ಸೂರ್ಯಕಾಂತನಿಗೆ.

ನಾನು ತರಿಸುತ್ತಿದ್ದ ಎಲೆಕ್ಟ್ರಾನಿಕ್ಸ್ ಮಾಸಪತ್ರಿಕೆಯಲ್ಲಿ ೨೦೦೨ರಲ್ಲಿ ಒಂದು ಸರ್ಕಿಟ್ ಬಂದಿತ್ತು. ಅದರಲ್ಲಿ ತಪ್ಪಿತ್ತು. ನಾನು ಬಿಡುವವನೇ? ಮೂರು ಪುಟದ ಪತ್ರ ಬರೆದೆ. ಅವರು ನಾಲ್ಕು ಸಾಲು ಮಾಡಿ ನನ್ನ ವಿಳಾಸದೊಂದಿಗೆ ಅಚ್ಚು ಹಾಕಿದರು. ಹದಿನೈದು ದಿನಕ್ಕೆ ವಾಡಿ ಸ್ಟೇಷನ್ನಿನ ಎದುರು ಗಡಿಯಾರ ರಿಪೇರಿ ಮಾಡುವ ಹಾಜಿಸಾಬರು ಪ್ಯಾಸೆಂಜರ್ ರೈಲಿನಲ್ಲಿ ಬಂದಿಳಿದು, ಕೈಯಲ್ಲಿ ಅದೇ ಪತ್ರಿಕೆ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು. ಇಷ್ಟು ತಪ್ಪು ಹುಡುಕುವ ಮನುಷ್ಯ ನೋಡಲು ಹೇಗಿರುತ್ತಾನೋ ಎಂದು ನೋಡಿಹೋಗಲು ಬಂದೆ ಎಂದರು. ಚಹಾ ಕುಡಿದು ಏಳುವಷ್ಟರಲ್ಲಿ ನಾವು ಹಳೆಯ ದೋಸ್ತರಂತಾಗಿದ್ದೆವು. ಅವರ ಮೂಲಕ ಸಿಕ್ಕವನು ಸೂರ್ಯಕಾಂತ. ಗಡಿಯಾರದ ಕೆಲಸಕ್ಕೆ ಬೇಕಾದ ಸಣ್ಣ ಸಾಮಾನುಗಳನ್ನು ಹಾಜಿಸಾಬರು ಅವನ ಲೇತಿನಲ್ಲೇ, ಅಂದರೆ ಲೋಹ ಕಡೆಯುವ ಯಂತ್ರದಲ್ಲೇ, ಮಾಡಿಸುತ್ತಿದ್ದರು.

ಸೂರ್ಯಕಾಂತ ಒಂದು ದೊಡ್ಡ ಕಾರ್ಖಾನೆಯಲ್ಲಿ ಲೇತು ಓಡಿಸುತ್ತಿದ್ದವನು. ಅಲ್ಲಿ ಕೆಲಸ ಕಡಿಮೆಯಾದಾಗ ಹೊರಗೆ ಬಂದು, ಕಲ್ಲು ಪಾಲಿಶ್ ಮಾಡುವ ಅಂಗಳದ ಹಿಂದೆ ತಗಡಿನ ಶೆಡ್ಡು ಹಿಡಿದು ಹಳೆಯ ಲೇತೊಂದನ್ನು ಇಟ್ಟುಕೊಂಡಿದ್ದ. ಮೈಮೇಲೆ ಸದಾ ಕಲ್ಲಿನ ಧೂಳು. ತಂಗಿಯನ್ನು ಓದಿಸಿ ಮದುವೆ ಮಾಡುವುದರಲ್ಲಿ ಅವನಿಗೇ ಮೂವತ್ತಮೂರು ದಾಟಿತ್ತು. ಮಾತು ಭಾಳ ಕಡಿಮೆ. ಕಡೆದ ತುಂಡನ್ನು ಅಳತೆಗೆ ಹಿಡಿಯುವ ಮೊದಲು ಕಣ್ಣು ಮುಚ್ಚಿ ಹೆಬ್ಬೆರಳಿನ ಉಗುರು ಆಡಿಸುತ್ತಿದ್ದ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಆ ಉಗುರಿಗೆ ತಿಳಿಯುತ್ತಿತ್ತು.

೨೦೦೩ರ ಮಳೆಗಾಲದಲ್ಲಿ ಅವನ ತಂಗಿಯ ಹೆರಿಗೆ ಆಕೆಯ ಗಂಡನ ಮನೆಯಲ್ಲೇ ಆಯಿತು. ಚಿಂಚೋಳಿ ತಾಲೂಕಿನ ಒಳಗಿನ ಹಳ್ಳಿ. ಹಳ್ಳ ತುಂಬಿ ಬಂದಿದ್ದರಿಂದ ದವಾಖಾನೆಗೆ ಒಯ್ಯಲಾಗಲಿಲ್ಲ. ನಡುಮಧ್ಯಾಹ್ನವಾದರೂ ಕಲ್ಲಿನ ಮನೆಯ ಒಳಕೋಣೆಯಲ್ಲಿ ಕತ್ತಲು, ಕರೆಂಟಿಲ್ಲ. ಆರೋಗ್ಯ ಉಪಕೇಂದ್ರದ ನರ್ಸು ಲಾಲಮ್ಮ ನಡೆದುಕೊಂಡೇ ಬಂದಳು. ದೀಪ ಹಿಡಿದ ಮುದುಕಿಯ ಕೈ ನಡುಗಿತೆಂದು ತನ್ನ ತಗಡಿನ ಬ್ಯಾಟ್ರಿಯನ್ನು ತಾನೇ ಹಲ್ಲಿನಲ್ಲಿ ಕಚ್ಚಿಕೊಂಡು, ಎರಡೂ ಕೈಯಿಂದ ಕೂಸನ್ನು ಹಿಡಿದಳು. ನಮ್ಮ ಕಡೆ ಟಾರ್ಚಿಗೆ ಬ್ಯಾಟ್ರಿ ಎಂದೇ ಅನ್ನುವುದು. ಸೂರ್ಯಕಾಂತ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಅವಳು ಹೊರಗೆ ಬಂದಾಗ ತುಟಿಯ ಮೂಲೆ ತಗಡಿನ ಅಂಚಿಗೆ ಕೊಯ್ದು ರಕ್ತ ಬರುತ್ತಿತ್ತಂತೆ. ಸೆರಗಿನಿಂದ ಒರೆಸಿಕೊಂಡು, ಗಂಡು ಕೂಸು, ಮಾಮನ ಹಂಗೇ ಸುಮ್ಮನದಾನ ಎಂದು ನಕ್ಕಳಂತೆ.

ಇಷ್ಟನ್ನೂ ಸೂರ್ಯಕಾಂತ ಹಾಜಿಸಾಬರ ಅಂಗಡಿಯಲ್ಲಿ ಹೇಳಿದ. ಅವನ ಬಾಯಿಂದ ಒಂದೇ ಸಲಕ್ಕೆ ಅಷ್ಟು ಮಾತು ನಾವು ಕೇಳಿದ್ದು ಅದೇ ಮೊದಲು. ಕೊನೆಗೆ ತಲೆ ತಗ್ಗಿಸಿ ಅಂದ:

"ಹಲ್ಲಾಗ ಹಿಡಿಯೂ ಅಂಥ ಸಣ್ಣ ಬ್ಯಾಟ್ರಿ ಮಾಡ್ಬೇಕ್ರಿ ಮಾಸ್ತರ್ರ. ಅದು ಕೈಯಾಗ ಇಟ್ಟು, ಆಮ್ಯಾಲ ಆಕಿಗಿ ಒಂದು ಮಾತು ಕೇಳ್ಬೇಕಂತ ಮಾಡೀನಿ. ಬರಿಗೈಲೆ ಹೋಗಿ ನಿಂತ್ರ ನನ್ನ ಬಾಯಿ ಬಿಡಂಗಿಲ್ರಿ."

ಏನು ಮಾತು ಎಂದು ಕೇಳುವಷ್ಟು ಪೆದ್ದರು ನಾವಾಗಿರಲಿಲ್ಲ. ಅವಳದೂ ಅವನದೂ ಒಂದೇ ಸಮಾಜ, ಅವಳಿಗೂ ಮದುವೆಯಾಗಿರಲಿಲ್ಲ. ಅಡ್ಡಿ ಅನ್ನುವುದು ಒಂದೂ ಇರಲಿಲ್ಲ. ಹಾಜಿಸಾಬರು ಕಣ್ಣಿನ ಭೂತಗನ್ನಡಿ ತೆಗೆದಿಟ್ಟು, ಆಯಿತು ಬಿಡು, ಮಾಡಿಯೇಬಿಡೋಣ ಎಂದರು.

ಎಲ್ಇಡಿ ಎಂದು ಈಗ ಮಕ್ಕಳೂ ಅನ್ನುವ ಆ ತೊಗರಿ ಕಾಳಿನಷ್ಟು ಬಿಳಿ ದೀಪ ಆಗ ನಮ್ಮ ಕಡೆ ಸಿಗುತ್ತಿರಲಿಲ್ಲ. ಹೈದರಾಬಾದಿನಿಂದ ತರಿಸಿದೆವು. ಒಂದು ಸೆಲ್ಲಿಗೆ ಅದು ಹತ್ತುವುದಿಲ್ಲ. ಎರಡು ಮೂರು ಸೆಲ್ಲು ಹಾಕಿದರೆ ಬ್ಯಾಟ್ರಿ ದಪ್ಪವಾಗಿ ಬಾಯಿಗೆ ಸಲ್ಲದು. ಒಂದೇ ಸಣ್ಣ ಪೆನ್ಸಿಲ್ ಸೆಲ್ಲಿನಿಂದ ಹತ್ತಿಸಬೇಕಾದರೆ ಬೆರಳುಗುರಿನಷ್ಟು ಉಂಗುರಕ್ಕೆ ಸಣ್ಣ ತಂತಿ ಸುತ್ತಿ, ಜೊತೆಗೊಂದು ಟ್ರಾನ್ಸಿಸ್ಟರ್ ಕೂಡಿಸಬೇಕು. ಆ ಕೆಲಸ ನನ್ನದು. ಉಂಗುರಗಳನ್ನು ಕೆಟ್ಟ ಸಿಎಫ್ಎಲ್ ಬಲ್ಬುಗಳಿಂದ ಬಿಚ್ಚಿ ತೆಗೆಯುತ್ತಿದ್ದೆ. ನಾನು ಸುತ್ತಿದ್ದನ್ನು ಹಾಜಿಸಾಬರು ಚಿಮಟಿಗೆಯಲ್ಲಿ ಹಿಡಿದು, ಗಡಿಯಾರದ ಸ್ಪ್ರಿಂಗು ಸೇರಿಸಿ ಕೂರಿಸುತ್ತಿದ್ದರು. ಹಿತ್ತಾಳೆಯ ಮೈ ಸೂರ್ಯಕಾಂತನದು. ತಲೆಯನ್ನು ಅರ್ಧ ಸುತ್ತು ತಿರುಗಿಸಿದರೆ ದೀಪ ಹತ್ತಬೇಕು, ಬೇರೆ ಗುಂಡಿ ಇಲ್ಲ. ಹಾಗಾಗಿ ತಿರುಗಿಸುವ ಗೆರೆಗಳು, ಲೇತಿನವರು ಚೂಡಿ ಅನ್ನುತ್ತಾರಲ್ಲ, ಅವು ಬಿಗಿಯಾಗಿರಬೇಕಿತ್ತು.

ಸಾಮಾನು ರೈಲಿನಲ್ಲೇ ಓಡಾಡುತ್ತಿತ್ತು. ತಿಂಗಳಿಗೊಂದು ಭಾನುವಾರ ನಾನು ಸೇಡಂನಲ್ಲಿ ಹತ್ತಿ ಚಿತ್ತಾಪುರ ದಾಟಿ ವಾಡಿಗೆ ಇಳಿಯುತ್ತಿದ್ದೆ. ಸೂರ್ಯಕಾಂತ ಆ ಕಡೆಯಿಂದ ಶಹಾಬಾದಿನಿಂದ ಬರುತ್ತಿದ್ದ. ಅಳತೆಗೆಂದು ಅವನು ಒಮ್ಮೆ ಲಾಲಮ್ಮನ ಉಪಕೇಂದ್ರಕ್ಕೆ ಹೋಗಿ, ಔಷಧಿ ಬಾಟಲಿಯ ಬೂಚೊಂದನ್ನು ಕೊಟ್ಟು, ಕಚ್ಚಿಕೊಡಿ ಎಂದು ಕೇಳಿದ್ದನಂತೆ. ಅವಳು ನಕ್ಕು ಕಚ್ಚಿಕೊಟ್ಟಳಂತೆ. ನಾಲ್ಕು ಹಲ್ಲಿನ ಗುರುತು ಮೂಡಿದ ಆ ಬೂಚನ್ನು ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ನಾವು ನೋಡಿದೆವು, ಮುಟ್ಟಲು ಕೊಡಲಿಲ್ಲ. ಆ ಅಳತೆಗೆ ಬ್ಯಾಟ್ರಿಯ ನಡುವೆ ತುಟಿ ಕೂರುವಲ್ಲಿ ಒಂದು ಬೆರಳಗಲ ನುಣ್ಣಗೆ ಮಾಡಿ ಬಿಟ್ಟ. ಉಳಿದೆಡೆ ಕೈ ಜಾರದ ಹಾಗೆ ಗೀರು ಹಾಕಿದ.

೨೦೦೪ರ ಶಿವರಾತ್ರಿ ಹೊತ್ತಿಗೆ ಮೊದಲನೆಯದು ಆಯಿತು. ಕಿರುಬೆರಳಿನಷ್ಟು. ತಿರುಗಿಸಿದರೆ ಹಾಜಿಸಾಬರ ಅಂಗಡಿಯ ಗೋಡೆಯಲ್ಲಿದ್ದ ಗಡಿಯಾರಗಳೆಲ್ಲ ಮಿಂಚಿದವು. ಸೂರ್ಯಕಾಂತನ ಮುಖ ನೋಡಬೇಕಿತ್ತು. ನಾಳೆಯೇ ಚಿಂಚೋಳಿ ಬಸ್ಸು ಹತ್ತುತ್ತೇನೆ ಎಂದ.

ನಾನು ಬಾಯಿ ಹಾಕಿದೆ. ಬೆಳಕು ಸ್ವಲ್ಪ ನೀಲಿ ಅದ ಅಂದೆ. ಈ ಬೆಳಕಿನಲ್ಲಿ ಹುಟ್ಟಿದ ಕೂಸು ನೀಲಿಯಾಗಿ ಕಂಡರೆ ಆಕೆ ಗಾಬರಿಯಾಗುವುದಿಲ್ಲವೇ? ಚೂಡಿಯಲ್ಲಿ ಒಂದಿಷ್ಟು ಸಡಿಲಿದೆ, ಬೇಕಾದಾಗಲೇ ದೀಪ ಮಿಣುಕಿದರೆ? ಒಂದು ತಿಂಗಳು ತಡಿ, ಬೇರೆ ದೀಪ ತರಿಸೋಣ. ಹಾಜಿಸಾಬರೂ ಹೌದೆಂದರು. ಸೂರ್ಯಕಾಂತ ಉಗುರಿನಿಂದ ಚೂಡಿ ಮುಟ್ಟಿ ನೋಡಿ, ಖರೇ ಅದರಿ ಅಂದ. ಅವನ ಕಸುಬಿನ ತಪ್ಪು ತೋರಿಸಿದರೆ ಅವನು ಒಪ್ಪದೇ ಇರಲಾರ. ಅದು ಗೊತ್ತಿದ್ದೇ ನಾನು ತೋರಿಸಿದ್ದೆ.

ಎರಡನೆಯದರ ಬೆಳಕು ಸರಿಯಾಯಿತು, ಆದರೆ ತಿರುಗಿಸುವಾಗ ಸ್ಪ್ರಿಂಗು ಒಳಗೆ ಉಜ್ಜಿತು. ಮೂರನೆಯದು ಎಂಟು ತಾಸಿಗೆ ಸೆಲ್ಲು ತಿಂದಿತು, ಹನ್ನೆರಡಾದರೂ ಬೇಕೆಂದೆ. ನಾಲ್ಕನೆಯದನ್ನು ಹಾಜಿಸಾಬರು ತಾವೇ ಕಚ್ಚಿ ನೋಡಿ, ಹಿತ್ತಾಳೆ ನಾಲಿಗೆಗೆ ಕಹಿ ಎಂದು ಮುಖ ಕಿವುಚಿದರು. ಅದಕ್ಕೆ ಐದನೆಯದಕ್ಕೆ ನಿಕಲ್ ಲೇಪ ಹಾಕಿಸಲು ಹೈದರಾಬಾದಿಗೆ ಕಳಿಸಿದರೆ ಅಲ್ಲಿಯವರು ನುಣ್ಣನೆಯ ಜಾಗವನ್ನೇ ಗೀಚಿ ಕಳಿಸಿದರು. ಒಂದೊಂದಕ್ಕೂ ನಾಲ್ಕೈದು ತಿಂಗಳು. ನಡುನಡುವೆ ಸೂರ್ಯಕಾಂತ ಚಿಂಚೋಳಿ ಕಡೆಗೆ ಹೋಗಿ ಬರುತ್ತಿದ್ದ. ಕೈಯಲ್ಲಿ ಬ್ಯಾಟ್ರಿ ಇಲ್ಲದ್ದಕ್ಕೆ, ತಂಗಿಯ ಮಗನನ್ನು ನೋಡಲು ಬಂದೆ ಎಂದು ಹೇಳಿ ತಿರುಗಿ ಬರುತ್ತಿದ್ದ.

ಮೊದಲನೆಯದನ್ನು ನಾನು ಮನೆಗೆ ತಂದಿದ್ದೆ. ಭಾಮಾ ಅದನ್ನು ಹಿಡಿದುಕೊಂಡೇ ಉಗ್ರಾಣದಲ್ಲಿ ಅಕ್ಕಿ ಬೇಳೆ ತೆಗೆಯುತ್ತಿದ್ದಳು. ಒಂದು ದಿನ ಅಂದಳು: "ಇದು ಕೊಟ್ಟು ಬರ್ಲಿ ಅಂತ ಹೇಳ್ರಿ ಆ ಹುಡುಗಗ. ಛಲೋದು ಆಮ್ಯಾಲ ಕೊಟ್ರಾಯ್ತು. ನಿಮಗ ಬ್ಯಾಟ್ರಿ ಬೇಕಾಗ್ಯದೋ, ತಿಂಗಳಿಗೊಂದು ಐತಾರ ವಾಡಿಗಿ ಹೋಗೋದು ಬೇಕಾಗ್ಯದೋ?"

ನಾನು ರೇಗಿದೆ. ಅರೆಬರೆ ವಸ್ತುವನ್ನು ಯಾರಾದರೂ ಕೊಡುತ್ತಾರೆಯೇ ಎಂದೆ. ಆದರೆ ಅವಳ ಮಾತು ಎದೆಗೆ ನಾಟಿತ್ತು. ಆ ಭಾನುವಾರಗಳು ನನಗೆ ಬೇಕಾಗಿದ್ದವು. ಲ್ಯಾಬಿನಲ್ಲಿ ನನಗೆ ಹೆಸರಿರಲಿಲ್ಲ, ಸಾಮಾನು ಎತ್ತಿಡುವವನು ನಾನು. ವಾಡಿಯ ಆ ಆರಡಿ ಅಂಗಡಿಯಲ್ಲಿ ಮಾತ್ರ ಇಬ್ಬರು ನನ್ನನ್ನು ಮಾಸ್ತರ್ರ ಎಂದು ಕರೆದು ನನ್ನ ಮಾತಿಗೆ ಕಾಯುತ್ತಿದ್ದರು. ಬ್ಯಾಟ್ರಿ ಮುಗಿದರೆ ಅದೂ ಮುಗಿಯುತ್ತಿತ್ತು. ಇದನ್ನು ಅವಳಿಗೂ ಹೇಳಲಿಲ್ಲ, ನನಗೂ ಹೇಳಿಕೊಳ್ಳಲಿಲ್ಲ.

೨೦೦೬ರ ಫೆಬ್ರುವರಿಯಲ್ಲಿ ಆರನೆಯದು ಆಯಿತು. ಅದರಲ್ಲಿ ನನಗೂ ತಪ್ಪು ಸಿಗಲಿಲ್ಲ. ಸೂರ್ಯಕಾಂತ ಇಸ್ತ್ರಿ ಅಂಗಿ ಹಾಕಿಕೊಂಡು ಹೋದ. ಮರುದಿನ ನಾನು ರಜೆ ಹಾಕಿ ವಾಡಿಯಲ್ಲಿ ಕಾದಿದ್ದೆ. ಅವನು ಬಂದು ಬ್ಯಾಟ್ರಿಯನ್ನು ಹಾಜಿಸಾಬರ ಮೇಜಿನ ಮೇಲೆ ಇಟ್ಟ. ಉಪಕೇಂದ್ರದಲ್ಲಿ ಬೇರೆ ನರ್ಸು ಇದ್ದಾಳೆ, ಲಾಲಮ್ಮನ ಮದುವೆಯಾಗಿ ನಾಲ್ಕು ತಿಂಗಳಾಯಿತು, ಕಾಳಗಿ ಕಡೆಗೆ ವರ್ಗ ಮಾಡಿಸಿಕೊಂಡು ಹೋದಳಂತೆ ಎಂದು ಹೇಳಿದ. ಹಾಜಿಸಾಬರು ಅವನ ಬೆನ್ನ ಮೇಲೆ ಕೈಯಿಟ್ಟರು. ಅವನು ಚಹಾ ಕುಡಿದು, ಎರಡು ಗಂಟೆಯ ಗಾಡಿಗೆ ಹೋದ. ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆಮೇಲೆ ಭಾನುವಾರಗಳು ತಾವಾಗಿಯೇ ನಿಂತವು. ಸೂರ್ಯಕಾಂತ ಮದುವೆಯಾಗಲಿಲ್ಲ. ಟ್ರ್ಯಾಕ್ಟರಿನ ಬುಶ್ಶು, ಪಂಪಿನ ಶಾಫ್ಟು ಕಡೆಯುತ್ತ ಇದ್ದುಬಿಟ್ಟ. ಎಂದಾದರೂ ಅವನ ಶೆಡ್ಡಿಗೆ ಹೋದಾಗಲೆಲ್ಲ ನನ್ನ ಕಣ್ಣು ಲೇತಿನ ಮೇಲಿನ ಕಿಟಕಿಗೂಡಿಗೆ ಹೋಗುತ್ತಿತ್ತು. ಆ ಬೂಚು ಅಲ್ಲೇ ಇರುತ್ತಿತ್ತು. ಶೆಡ್ಡಿನಲ್ಲಿ ಎಲ್ಲದರ ಮೇಲೂ ಕಲ್ಲಿನ ಧೂಳು, ಅದರ ಮೇಲೆ ಮಾತ್ರ ಇಲ್ಲ.

೨೦೦೯ರಲ್ಲಿ ಪರೀಕ್ಷೆಯ ಕೆಲಸಕ್ಕೆ ನನ್ನನ್ನು ಕಾಳಗಿಗೆ ಹಾಕಿದರು. ಹೊರಡುವಾಗ ಭಾಮಾ ಮೊದಲನೆಯ ಬ್ಯಾಟ್ರಿಯನ್ನು ಹೊಸ ಸೆಲ್ಲು ಹಾಕಿ ನನ್ನ ಚೀಲಕ್ಕೆ ಸೇರಿಸಿದಳು. ಐದು ವರ್ಷ ದಿನಾ ಬಳಸಿದ್ದಳು, ಒಮ್ಮೆಯೂ ಅದು ಕೈ ಕೊಟ್ಟಿರಲಿಲ್ಲ. ಲಾಲಮ್ಮ ವರ್ಗವಾಗಿ ಹೋದದ್ದು ಆ ಕಡೆಗೇ ಎಂಬುದು ಅವಳಿಗೆ ನೆನಪಿತ್ತು. ಎರಡನೆಯ ದಿನ ಸರ್ಕಾರಿ ದವಾಖಾನೆಗೆ ಹೋಗಿ ಲಾಲಮ್ಮ ಸಿಸ್ಟರ್ ಯಾರು ಎಂದು ವಿಚಾರಿಸಿದೆ.

ಗಟ್ಟಿಮುಟ್ಟಾದ ಹೆಂಗಸು. ತುಟಿಯ ಮೂಲೆಯಲ್ಲಿ ಸಣ್ಣ ಬಿಳಿ ಗೆರೆಯೊಂದಿತ್ತು. ನಾನು ಸೇಡಂನವನು, ಶಹಾಬಾದಿನ ಸೂರ್ಯಕಾಂತನ ಸ್ನೇಹಿತ ಎಂದೆ. ಬರೆಯುತ್ತಿದ್ದ ರಿಜಿಸ್ಟರು ಮುಚ್ಚಿ, ಕುಂದ್ರಿ ಅಂದಳು. ನಾನು ಬ್ಯಾಟ್ರಿ ತೆಗೆದುಕೊಟ್ಟೆ. ನಿಮಗೆಂದೇ ಮಾಡಿದ ಮೊದಲನೆಯದು ಇದು, ಸರಿಯಾಗಿಲ್ಲವೆಂದು ಕೊಡಲಿಲ್ಲ ಎಂದೆ.

ಅವಳು ತಿರುಗಿಸಿದಳು, ಹತ್ತಿತು. ರೂಢಿಯಂತೆ ಹಲ್ಲಿನಲ್ಲಿ ಕಚ್ಚಿಕೊಂಡಳು. ಎರಡೂ ಕೈ ತಾವಾಗಿಯೇ ಮುಂದೆ ಬಂದವು, ಕೂಸನ್ನು ಹಿಡಿಯುವವಳ ಹಾಗೆ. ಆ ನೀಲಿ ಬೆಳಕು ಅವಳ ಬರಿಯ ಅಂಗೈಗಳ ಮೇಲೆ ಬಿತ್ತು. ಅದನ್ನು ನೋಡಿಕೊಂಡು, ಬ್ಯಾಟ್ರಿಯನ್ನು ಬಾಯಿಂದ ತೆಗೆದಳು.

"ಇದಕ್ಕೇನಾಗಿತ್ರಿ?"

ಬೆಳಕು ನೀಲಿ, ಚೂಡಿ ಸಡಿಲು ಎಂದು ಹೇಳುವಾಗ ನನ್ನ ದನಿ ನನಗೇ ನಾಚಿಕೆ ತಂದಿತು.

"ಮನ್ಯಾಗ ಎರಡು ವರ್ಷ ಮದಿವಿ ಬ್ಯಾಡ ಬ್ಯಾಡ ಅಂತ ತಡದಿದ್ದೆ ನಾ," ಅಂದಳು. "ಅವ್ರು ಬರೋರು, ಕೂಸಿನ ಸುದ್ದಿ ಮಾತಾಡೋರು, ಹೋಗೋರು. ಇವತ್ತರೆ ಬಾಯಿ ಬಿಡ್ತಾರ, ನಾಳಿಗರೆ ಬಿಡ್ತಾರ ಅಂತ."

ಹೊರಗಿನಿಂದ ಯಾರೋ ಸಿಸ್ಟರ್ ಎಂದು ಕರೆದರು. ಬ್ಯಾಟ್ರಿಯನ್ನು ಬಿಳಿ ಕೋಟಿನ ಜೇಬಿಗೆ ಹಾಕಿಕೊಂಡು, ಇದು ನನ್ನ ಹಂತೇಕ ಇರ್ಲಿ ಎಂದು ಹೇಳಿ ಎದ್ದು ಹೋದಳು.

ಪರೀಕ್ಷೆ ಮುಗಿದ ಮೇಲೆ ನೇರ ಶಹಾಬಾದಿಗೆ ಹೋದೆ. ದಾರಿಯುದ್ದಕ್ಕೂ ಎಲ್ಲ ಹೇಳಿಬಿಡಬೇಕೆಂದೇ ಇದ್ದೆ. ಬ್ಯಾಟ್ರಿ ಕೊಟ್ಟು ಬಂದೆ ಎಂದಾಗ ಸೂರ್ಯಕಾಂತ ಲೇತು ನಿಲ್ಲಿಸಿದ. ಯಾವುದು ಎಂದ. ಮೊದಲನೆಯದು ಎಂದೆ. ಕೈಯೊರೆಸುವ ಬಟ್ಟೆಯನ್ನು ಎತ್ತಿಕೊಂಡು, ಬೆರಳುಗಳನ್ನು ಒಂದೊಂದಾಗಿ ಒರೆಸಿದ.

"ಹಲ್ಲಾಗ ಹಿಡದ್ಲೇನ್ರಿ?"

"ಹಿಡದಳು."

"ತುಟಿಗಿ ಚುಚ್ಚಲಿಲ್ಲಾ?"

"ಇಲ್ಲಪಾ," ಅಂದೆ. "ಎಲ್ಲೂ ಚುಚ್ಚಲಿಲ್ಲ."

ಅವನು ತಲೆಯಾಡಿಸಿದ. ಐದು ವರ್ಷದಲ್ಲಿ ಅವನ ಮುಖದಲ್ಲಿ ನೆಮ್ಮದಿ ಕಂಡದ್ದು ಅದೊಂದೇ ಸಲ. ಅವಳು ಎರಡು ವರ್ಷ ಕಾದಿದ್ದಳೆಂಬ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ನುಂಗಿಕೊಂಡೆ. ಇವತ್ತಿನವರೆಗೂ ಹೇಳಿಲ್ಲ.