ಫೆಲ್ಸಿ ಹೇಳಿಕೊಟ್ಟ ‘ಟ್ಯಾಕ್ಟಿಕಲ್’

ಫೆಲ್ಸಿ ಕರಾವಳಿಯ ಶಿರ್ವದಿಂದ ಅಬುಧಾಬಿಗೆ ಬಂದದ್ದು ಟೈಪಿಸ್ಟ್ ಕೆಲಸಕ್ಕೆ. ಗಂಡ ನಾರ್ಬರ್ಟ್ ಹೋಟೆಲೊಂದರ ಲಾಂಡ್ರಿಯಲ್ಲಿ ಸೂಪರ್‌ವೈಸರ್. 2013ರ ಹೊತ್ತಿಗೆ ಅವಳು ಹಮ್ದಾನ್ ಸ್ಟ್ರೀಟಿನ ಒಂದು ಸೆಕ್ಯುರಿಟಿ ಕಂಪನಿಯ ತರಬೇತಿ ವಿಭಾಗದಲ್ಲಿದ್ದಳು. ಗಾರ್ಡುಗಳಿಗೆ ಕೊಡುವ ಇಂಗ್ಲಿಷ್ ಪಾಠದ ಹಾಳೆಗಳನ್ನು ಟೈಪ್ ಮಾಡಿ, ಜೆರಾಕ್ಸ್ ತೆಗೆದು, ಪಿನ್ ಹೊಡೆದು ಜೋಡಿಸುವುದು ಅವಳ ಕೆಲಸ. ಸ್ಪೆಲ್ಲಿಂಗ್ ತಪ್ಪಿದ ಹಾಳೆ ಅವಳ ಟೇಬಲಿನಿಂದ ಒಂದೂ ಹೋದದ್ದಿಲ್ಲ. ಅರ್ಥ ನೋಡುವ ಗೋಜಿಗೆ ಮಾತ್ರ ಅವಳು ಹೋದವಳಲ್ಲ, ಯಾರೂ ಕೇಳಿದ್ದೂ ಇಲ್ಲ.

ಮೊದಲು ಕೇಳಿದವನು ಉಳ್ಳಾಲದ ಮುಹಿಯುದ್ದೀನ್. ಊರಿನ ವಾಲಿಬಾಲ್ ತಂಡದಲ್ಲಿ ಆಡುತ್ತಿದ್ದ ಎತ್ತರದ ಆಳು, ಓದಿದ್ದು ಕಡಿಮೆ. ಕಂಪನಿಯ ಪರೀಕ್ಷೆಗೆ ಮೂರೇ ಅವಕಾಶ, ಮೂರರಲ್ಲೂ ಫೇಲಾದವರನ್ನು ಊರಿಗೆ ಕಳುಹಿಸುತ್ತಿದ್ದರು. ಅವನು ಆಗಲೇ ಒಂದು ಸಲ ಫೇಲಾಗಿದ್ದ. ಫೆಲ್ಸಿ ಫೋನಿನಲ್ಲಿ ತುಳು ಮಾತಾಡುವುದನ್ನು ಕೇಳಿಸಿಕೊಂಡವನು ಮಧ್ಯಾಹ್ನ ಊಟದ ಹೊತ್ತಿಗೆ ಹಾಳೆ ಹಿಡಿದುಕೊಂಡು ಬಂದು, ಊರಲ್ಲಿ ಕ್ರಿಸ್ತಿಯನ್ ಹೆಂಗಸರನ್ನು ಕರೆಯುವ ಹಾಗೆ ಕರೆದ.

“ಬಾಯಮ್ಮ, ಈ ಟ್ಯಾಕ್ಟಿಕಲ್ ಅಂದ್ರೆ ಎಂತದು? ಪುಟಕ್ಕೆ ನಾಲ್ಕು ಸಲ ಬರ್ತದೆ.”

ಫೆಲ್ಸಿ ಒಂದು ಕ್ಷಣವೂ ಯೋಚಿಸಲಿಲ್ಲ. “ನಯವಾಗಿ ನಡ್ಕೊಳ್ಳುವುದು ಮಾರಾಯ. ಎದುರಿನವರಿಗೆ ಬೇಜಾರಾಗದ ಹಾಗೆ ಮಾತಾಡುವುದು. ಹೋಟೆಲಿನವರು ಗಿರಾಕಿಗಳ ಹತ್ರ ಮಾತಾಡ್ತಾರಲ್ಲ, ಹಾಗೆ.”

ಅವನು ಅದನ್ನೇ ಹಾಳೆಯ ಅಂಚಿನಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ.

ಎರಡು ವಾರದ ಮೇಲೆ ಪರೀಕ್ಷೆಯ ಫಲಿತಾಂಶದ ಪಟ್ಟಿ ಟೈಪಿಗೆ ಬಂತು. ಏಳನೆಯ ಹೆಸರು ಮುಹಿಯುದ್ದೀನನದು: ಫೇಲ್. ಪಕ್ಕದಲ್ಲಿ ಪರೀಕ್ಷಕರ ಕೈಬರಹವಿತ್ತು. ‘ಗೇಟಿನ ಮೇಲೆ ಇಪ್ಪತ್ತು ಜನ ನುಗ್ಗಿ ಬಂದರೆ ಟ್ಯಾಕ್ಟಿಕಲ್ ಆಗಿ ಹಿಂದೆ ಸರಿಯುವುದು ಹೇಗೆ’ ಎಂದು ಕೇಳಿದ್ದಕ್ಕೆ ಅಭ್ಯರ್ಥಿ, ‘ಸಾರಿ ಹೇಳಿ, ಸಲಾಂ ಮಾಡಿ ಹೊರಟುಹೋಗುತ್ತೇನೆ’ ಎಂದನಂತೆ. ಪದದ ಅರ್ಥವೇ ಗೊತ್ತಿಲ್ಲ ಎಂದು ಷರಾ ಬರೆದಿದ್ದರು.

ಅದು ತಾನೇ ಹೇಳಿಕೊಟ್ಟ ಅರ್ಥ ಎಂದು ಫೆಲ್ಸಿಗೆ ಹೊಳೆಯಿತು. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪಟ್ಟಿಯನ್ನು ಅರ್ಧಕ್ಕೇ ಬಿಟ್ಟು ಅವಳು ತರಬೇತಿ ಕೊಡುವ ಶಾಮಸುಂದರನ ಕೋಣೆಗೆ ಹೋದಳು. ಅವನು ಹುಣಸೂರಿನ ಕಡೆಯವನು, ಸೈನ್ಯದಲ್ಲಿ ಸುಬೇದಾರನಾಗಿ ನಿವೃತ್ತನಾದವನು. ನಡೆದದ್ದನ್ನೆಲ್ಲ ಕೇಳಿ ಅವನು ನಗಲಿಲ್ಲ.

“ಕೂತ್ಕೊಳ್ಳಿ ಮೇಡಂ. ನೀವು ಹೇಳಿಕೊಟ್ಟಿದ್ದು ಟ್ಯಾಕ್ಟ್‌ಫುಲ್, ಅದೇ ಬೇರೆ. ಇದು ಯುದ್ಧದ ಮಾತು. ಯಾವ ಗಡಿ, ಎಷ್ಟು ಸೈನ್ಯ, ಎಷ್ಟು ತಿಂಗಳು ಅಂತ ಮೇಲಿನೋರು ಕೂತು ದೊಡ್ಡದಾಗಿ ಲೆಕ್ಕ ಹಾಕ್ತಾರಲ್ಲ, ಅದು ಸ್ಟ್ರಾಟೆಜಿಕ್. ಎದುರಿಗಿರೋ ಗುಡ್ಡ ಹಿಡಿಯೋಕೆ ಆ ಹೊತ್ತಲ್ಲಿ ನಾವು ಹತ್ತು ಜನ ಏನು ಉಪಾಯ ಮಾಡ್ತೀವೋ, ಅದು ಟ್ಯಾಕ್ಟಿಕಲ್.”

“ಹಾಗಾದ್ರೆ ಹಿಂದೆ ಸರಿಯುವುದು?”

“ಓಡಿಹೋಗೋದಲ್ಲ. ನಾಲ್ಕು ಹೆಜ್ಜೆ ಹಿಂದೆ ಹೋಗಿ, ಒಳಬಾಗಿಲು ಹಾಕ್ಕೊಂಡು, ಗೇಟು ಕಣ್ಣಿಗೆ ಕಾಣೋ ಹಾಗೆ ನಿಂತು ಕಂಟ್ರೋಲ್ ರೂಮಿಗೆ ಫೋನ್ ಮಾಡೋದು. ಈಗಂತೂ ಎಲ್ಲದಕ್ಕೂ ಈ ಪದ ಅಂಟಿಸ್ತಾರೆ ಬಿಡಿ. ಬೇಡದವನನ್ನ ಸೋಲಿಸೋಕೆ ಇನ್ಯಾರಿಗೋ ಹಾಕೋ ವೋಟಿಗೂ ಟ್ಯಾಕ್ಟಿಕಲ್, ಅಂಗಡೀಲಿ ಮಾರೋ ಕರೀ ಬೂಟಿಗೂ ಟ್ಯಾಕ್ಟಿಕಲ್. ಬೂಟಿಗೆ ಹೇಳಿದಾಗ ಸೈನಿಕರು ಹಾಕೋ ಥರದ್ದು ಅಂತ, ಅಷ್ಟೇ.”

ಮರುದಿನ ಅವಳು ಮುಹಿಯುದ್ದೀನನನ್ನು ಟೇಬಲಿನ ಹತ್ತಿರ ಕರೆದಳು. “ತಪ್ಪು ನನ್ನದು. ನಾನು ಹೇಳಿದ ಅರ್ಥವೇ ಸರಿ ಇರ್ಲಿಲ್ಲ.”

ಅವನು ಪಾಠದ ಹಾಳೆ ಬಿಡಿಸಿ ಟೇಬಲಿನ ಮೇಲಿಟ್ಟ. ಇನ್ನು ಉಳಿದದ್ದು ಒಂದೇ ಅವಕಾಶ. “ಹೋದದ್ದು ಹೋಯ್ತು ಬಾಯಮ್ಮ. ಈಗ ಸರಿಯಾದ್ದು ಹೇಳಿ” ಎಂದ.

ಅವಳು ಗುಡ್ಡದ ಮಾತನ್ನೇ ಹೇಳಿದಳು. ಅವನಿಗೆ ಹಿಡಿಯಲಿಲ್ಲ. ಇನ್ನೊಮ್ಮೆ ಹೇಳಿಸಿಕೊಂಡು ತಟ್ಟನೆ ಕೈ ಮೇಲೆತ್ತಿದ.

“ವಾಲಿಬಾಲಲ್ಲಿ ಅವರು ಚೆಂಡು ತಡೆಯಲಿಕ್ಕೆ ಬ್ಲಾಕಿಗೆ ಹಾರ್ತಾರೆ. ನಾವು ಜೋರು ಹೊಡೆಯುವವರ ಹಾಗೆ ಕೈ ಎತ್ತಿ ಮೆಲ್ಲ ಅವರ ಹಿಂದೆ ಚೆಂಡು ಡ್ರಾಪ್ ಹಾಕ್ತೇವೆ. ಅದಾ?”

ಫೆಲ್ಸಿಗೆ ವಾಲಿಬಾಲಿನ ಗಂಧಗಾಳಿ ಇರಲಿಲ್ಲ. ಹೌದೆನ್ನಲು ಬಾಯಿ ತೆರೆದವಳು ತಡೆದುಕೊಂಡಳು. ಇಬ್ಬರೂ ಹೋಗಿ ಶಾಮಸುಂದರನನ್ನು ಕೇಳಿದರು. ಅವನು ಮೇಜು ತಟ್ಟಿ, “ಅದೇ ಕಣಯ್ಯಾ! ಟೂರ್ನಮೆಂಟಿಗೆ ಯಾವ ತಂಡ ಕಟ್ಟಬೇಕು ಅನ್ನೋದು ಸ್ಟ್ರಾಟೆಜಿಕ್. ಈ ಡ್ರಾಪು ಟ್ಯಾಕ್ಟಿಕಲ್” ಎಂದ.

ಮೂರನೆಯ ಸಲ ಮುಹಿಯುದ್ದೀನ್ ಪಾಸಾದ. ಅವನನ್ನು ದುಬೈ ಶಾಖೆಗೆ ಹಾಕಿದರು. ಮಿರ್ದಿಫ್‌ನ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಡ್ಯೂಟಿ.

ಆಮೇಲೆ ಫೆಲ್ಸಿ ಪಾಠದ ಹಾಳೆಗಳ ಕೊನೆಗೆ ಕಷ್ಟದ ಪದಗಳ ಅರ್ಥವನ್ನು ಸುಲಭ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಸೇರಿಸತೊಡಗಿದಳು. ಒಂದೊಂದು ಪದವನ್ನೂ ಶಾಮಸುಂದರನಿಗೆ ತೋರಿಸಿಯೇ ಪ್ರಿಂಟ್ ತೆಗೆಯುತ್ತಿದ್ದಳು. ಮ್ಯಾನೇಜರ್ ಮೊದಲು ಗೊಣಗಿದರೂ ಪಾಸಾಗುವವರು ಹೆಚ್ಚಾದ ಮೇಲೆ ಸುಮ್ಮನಾದರು. ಊಟದ ಬಿಡುವಿನಲ್ಲಿ ಅವಳ ಟೇಬಲಿನ ಸುತ್ತ ನೇಪಾಳದವರು, ಕೇರಳದವರು ಕುರ್ಚಿ ಎಳೆದುಕೊಂಡು ಕೂರುವುದು ರೂಢಿಯಾಯಿತು. “ಗೊತ್ತಿಲ್ಲ, ನಾಳೆ ಕೇಳಿ ಹೇಳ್ತೇನೆ” ಎನ್ನಲು ಅವಳಿಗೆ ಶುರುವಿನಲ್ಲಿ ನಾಚಿಕೆಯಾಗುತ್ತಿತ್ತು, ಬರಬರುತ್ತಾ ಅದೂ ಹೋಯಿತು.

2017ರಲ್ಲಿ ತರಬೇತಿ ವಿಭಾಗವನ್ನೇ ದುಬೈಗೆ ಸಾಗಿಸಿದರು. ಮಗಳು ಸ್ಟೇಸಿಗೆ ಅದು ಹತ್ತನೆಯ ಕ್ಲಾಸು. ಅವಳ ಶಾಲೆ ಬಿಡಿಸುವುದು ಬೇಡವೆಂದು ಫೆಲ್ಸಿ ಅಬುಧಾಬಿಯಲ್ಲೇ ಉಳಿದು, ಖಾಲಿದಿಯಾದ ಒಂದು ಕ್ಲಿನಿಕ್ಕಿನ ರಿಸೆಪ್ಷನ್ ಸೇರಿದಳು. ಮನೆಯಿಂದ ಹತ್ತು ನಿಮಿಷದ ನಡಿಗೆ. ಅಲ್ಲಿಯೂ ತನಗೆ ಗೊತ್ತಿಲ್ಲದ ಪದವನ್ನು ಯಾರಾದರೂ ಕೇಳಿದರೆ, “ತಡೀರಿ, ಡಾಕ್ಟರನ್ನು ಕೇಳಿ ಹೇಳ್ತೇನೆ” ಎನ್ನುತ್ತಿದ್ದಳು.